ಕೇಳುವವರ ಬಾಕಿ

ಸಂಸ್ಕೃತಿಯೆಂಬುದು ಪಟ್ಟಣದಲ್ಲಿ ಹುಟ್ಟಿ, ಬೆಳೆದು, ಉಳಿದದ್ದು ಹಳ್ಳಿಗೆ ಹರಿದು ಬರುವುದೆಂದು ನಂಬಿದವರು ನಮ್ಮಲ್ಲಿ ಬಹಳ ಜನರಿರುವರು. ಅಂಥವರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳದಲ್ಲಿ ಇಳಿಯಬೇಕು. ಅರ್ಧ ತಾಸಿನ ದಾರಿ. ಸುತ್ತಲೂ ಎರೆಯ ಹೊಲ. ಹೊಲದಲ್ಲಿ ಹತ್ತಿ, ಮೆಣಸಿನಕಾಯಿ. ನೋಡಿದರೆ ಹತ್ತರಲ್ಲಿ ಹನ್ನೊಂದನೆಯ ಊರು. ಆದರೆ ಹಿಂದುಸ್ತಾನಿ ಸಂಗೀತದ ಚರಿತ್ರೆಯನ್ನು ಬರೆಯುವವರು ಈ ನಿಲ್ದಾಣದಲ್ಲಿ ಇಳಿಯದೆ ಮುಂದೆ ಹೋಗಲಾರರು.

ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು (1886–1952) ಬೆಳೆದ ಊರಿದು. ಅವರ ಗುರುಗಳಾದ ಅಬ್ದುಲ್ ಕರೀಮ ಖಾನರು ಬಂದು ಹಾಡಿದ ನಾಡಿಗೇರ ವಾಡೆ ಇಲ್ಲಿದೆ. ಭೀಮಸೇನ ಜೋಶಿಯವರು ಎಳೆವಯಸ್ಸಿನಲ್ಲಿ ಮನೆ ಬಿಟ್ಟು, ಗುರುವನ್ನರಸುತ್ತ ಊರೂರು ಅಲೆದು, ಕಡೆಗೆ ಗುರುಗಳ ಮನೆಗೆ ನೀರು ಹೊತ್ತು ಪಾಠ ಕಲಿತದ್ದು ಇಲ್ಲಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದುದೂ ಇಲ್ಲಿಂದಲೇ.

ಈ ಊರಿನ ನಿವೃತ್ತ ಶಾಲಾಮಾಸ್ತರರೊಬ್ಬರ ಪರಿಚಯವನ್ನು ಈ ತಿಂಗಳು ವಾಚಕರಿಗೆ ಮಾಡಿಕೊಡಬೇಕಾಗಿದೆ. ಅವರಿಗೆ ಹಾಡಲು ಬಾರದು, ಬಾರಿಸಲು ಬಾರದು; ಕೇಳಲು ಬರುವುದು. ಹೊಸಬರು ಎದುರಾದರೆ, “ನಾ ಕೇಳಾಂವ್ರಿ” ಎಂದೇ ತಮ್ಮ ಗುರುತು ಹೇಳಿಕೊಳ್ಳುವರು. ಅವರ ಮಗನೂ ಸೊಸೆಯೂ ಹುಬ್ಬಳ್ಳಿಯಲ್ಲಿ ನೌಕರಿ ಮಾಡುವರು. ಕುಂದಗೋಳದ ಮನೆಯನ್ನು ಮಾರಿ ಹುಬ್ಬಳ್ಳಿಯಲ್ಲಿ ಮನೆ ಕೊಳ್ಳಬೇಕೆಂದು ಮಗನ ಆಸೆ. ಒಲ್ಲೆನೆಂದು ತಂದೆಯ ಹಟ. ನಾವು ಹೋದ ರವಿವಾರ ಮಗನು ಮನೆ ನೋಡಲು ಹುಬ್ಬಳ್ಳಿಗೆ ಹೋಗಿದ್ದನು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಅದೇ ಮಾತನ್ನು ಮೆಲುಕಾಡಿಸುತ್ತಿದ್ದರು.

“ಹುಬ್ಬಳ್ಳಿಗೆ ಹೋದರೆ ನಿಮಗೆ ನಷ್ಟವೇನು? ಅಲ್ಲಿ ಸಂಗೀತಸಭೆಗಳಿಗೆ ಕೊರತೆಯಿಲ್ಲವಲ್ಲ?” ಎಂದು ನಾವು ಕೇಳಿದೆವು.

“ಸಭಾ ಅದಾವ್ರಿ. ಖುರ್ಚಿನೂ ಅದಾವು. ಖುರ್ಚಿ ಮ್ಯಾಲ ಕೂತಾಂವ ಹಾಡವರ ಮಾರಿ ನೋಡೂದಿಲ್ಲ, ಗಡಿಯಾರದ ಮಾರಿ ನೋಡತಾನ. ನಮ್ಮ ನವಲಗುಂದದ ಜಮಖಾನ ಹಾಸಿ ನೋಡ್ರಿ. ಒಮ್ಮೆ ಚಕ್ಕಳಮಕ್ಕಳ ಹಾಕಿ ಕೂತಾಂವ ಬೆಳಗಾಗೂತನಾ ಏಳೂದಿಲ್ಲ.”

“ಹಾಗಾದರೆ ಪೇಟೆಯವರಿಗೆ ಕಿವಿಯಿಲ್ಲವೆನ್ನುವಿರಾ?”

“ಕಿವಿ ಐತ್ರಿ, ಪುರಸೊತ್ತಿಲ್ಲ. ನಾವು ಪ್ಯಾಟಿಗೆ ಹತ್ತಿ ಕಳಿಸಿದಿವಿ, ಮೆಣಸಿನಕಾಯಿ ಕಳಿಸಿದಿವಿ, ಹಾಡವರನ್ನೂ ಕಳಿಸಿದಿವಿ. ಹತ್ತಿಗೂ ಮೆಣಸಿನಕಾಯಿಗೂ ಅಡತಿ ಅಂಗಡಿಯವರು ಪಟ್ಟಿ ಬರದು ರೊಕ್ಕ ಕೊಟ್ಟರು. ಹಾಡಿನ ಪಟ್ಟಿ ಇನ್ನೂ ಬರಬೇಕು.”

ಗುರುಗಳ ಸ್ಮರಣೆಗೆಂದು ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವನ್ನು ನಾವು ನೆನಪಿಸಿದೆವು. ಅಷ್ಟು ದೊಡ್ಡ ಊರು ಕುಂದಗೋಳದ ಗಾಯಕನ ಹೆಸರನ್ನು ವರ್ಷವರ್ಷವೂ ನೆನೆಯುವುದು ಸಣ್ಣ ಗೌರವವೇ?

“ಸಣ್ಣದಲ್ಲ. ಆದರ ಸವಾಯಿ ಅಂದರ ಒಂದೂಕಾಲು ಅಲ್ಲೇನ್ರಿ? ಪೂರಾ ಒಂದನ್ನ ಪುಣೆಯವರು ಇಟಗೊಳ್ಳಲಿ. ಮ್ಯಾಲಿನ ಕಾಲು ಕುಂದಗೋಳದ್ದು ಅಂತ ಒಪ್ಪಿದರ ಸಾಕು. ಗಂಗೂಬಾಯಿಯವರ ಹೆಸರಿನ ವಿಶ್ವವಿದ್ಯಾಲಯ ಮೈಸೂರಾಗ ಐತಿ. ಅದಕ್ಕೂ ನಮ್ಮ ತಕರಾರಿಲ್ಲ. ಹೆಸರು ದೂರ ಹೋದಷ್ಟೂ ಊರು ದೊಡ್ಡದಾಗತೈತಿ.”

ಹೊಸ್ತಿಲ ಬಳಿ ಮಗಳ ಲೆಕ್ಕದ ಪುಸ್ತಕವನ್ನು ತಿದ್ದುತ್ತ ಕುಳಿತಿದ್ದ ಸೊಸೆಯು ಇಲ್ಲಿಯವರೆಗೆ ಸುಮ್ಮನಿದ್ದಳು. ಈಗ ತಲೆಯೆತ್ತಿ, “ಮಾವಾರ, ಪ್ಯಾಟಿಯವರ ಕಡೆ ಪಟ್ಟಿ ಕೇಳೂ ಮೊದಲ ನಮ್ಮ ಮನಿದೊಂದು ಬಾಕಿ ಐತಿ” ಎಂದಳು.

“ಯಾವ ಬಾಕಿ, ಯವ್ವಾ?”

“ನೀವು ಬೆಳತನಾ ಕೇಳಿದ ರಾತ್ರಿಯೊಳಗ ನಮ್ಮ ಅತ್ತಿಯವರು ಎಲ್ಲಿ ಕೂತಿದ್ದರು?”

ಮಾಸ್ತರರು ತುಸು ತಡೆದು, “ಮನ್ಯಾಗಿದ್ದಳು. ಕೂಸುಗಳಿದ್ದುವು” ಎಂದರು.

“ಕೂಸು ಇಬ್ಬರವೂ ಅಲ್ಲೇನ್ರಿ? ನವಲಗುಂದದ ಜಮಖಾನ ಅಂದಿರಿ. ಅದನ್ನ ನೇಯುವವರು ಹೆಂಗಸರು. ಮ್ಯಾಲ ಕೂತವರು ಗಂಡಸರು!”

ನಾವು ನಕ್ಕೆವು; ಮಾಸ್ತರರು ನಗಲಿಲ್ಲ. ಆಕೆಯ ಮಾತು ಚೇಷ್ಟೆಯದಾಗಿದ್ದರೂ ಆಕೆ ಚೇಷ್ಟೆಗೆ ಆಡಿರಲಿಲ್ಲವೆಂಬುದು ಅವರಿಗೆ ನಮಗಿಂತ ಮೊದಲೇ ತಿಳಿಯಿತು.

ಈ ಬಾಕಿ ಒಂದು ಮನೆಯದಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನೆರೆದಾಗ ಸ್ವಾಗತಗೀತವನ್ನು ಹಾಡಿದ ಬಾಲಿಕೆಯರಲ್ಲಿ ಗಂಗೂಬಾಯಿಯವರೂ ಇದ್ದರು. ಆಗ ಅವರಿಗೆ ಹನ್ನೊಂದರ ವಯಸ್ಸು. ಅಂಥ ಸಮಾರಂಭದಲ್ಲಿ ಆ ಹುಡುಗಿಗೆ ಹಾಡಿನ ಭಯವಿರಲಿಲ್ಲ. ಊಟದ ಹೊತ್ತಿಗೆ ಜಾತಿಯ ಕಾರಣದಿಂದ ತನ್ನನ್ನು ಬೇರೆ ಕೂಡಿಸುವರೋ ಏನೋ ಎಂಬ ಅಂಜಿಕೆಯಿತ್ತು. ಪಾಠಕ್ಕೆ ನಡೆದು ಹೋಗುವಾಗ ಬೀದಿಯವರು ಹೊರಗೆ ಬಂದು ‘ಗಾನೇವಾಲಿ’ ಎಂದು ಹೀಯಾಳಿಸುತ್ತಿದ್ದರೆಂದೂ ಅವರು ಮುಂದೆ ಹೇಳಿಕೊಂಡರು. ಅದೇ ಜನರ ಮಕ್ಕಳು ಮೊಮ್ಮಕ್ಕಳು ಅವರ ಕಚೇರಿಗೆ ಮುಂದಿನ ಸಾಲು ಹಿಡಿಯಲು ಓಡಿದರು. ಇದನ್ನೆಲ್ಲ ಕಂಡುಂಡ ಗಂಗೂಬಾಯಿಯವರ ನಾಲಗೆಯಲ್ಲಿ ಸ್ವರದಷ್ಟೇ ವಿನೋದವೂ ನೆಲೆಸಿತ್ತು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುವನು, ಹಿಂದುವಾದರೆ ಪಂಡಿತನಾಗುವನು. ಕೇಸರಬಾಯಿ, ಮೋಗೂಬಾಯಿಯರಂಥವರು ಮಾತ್ರ ಎಷ್ಟು ಹಾಡಿದರೂ ಬರಿಯ ‘ಬಾಯಿ’ಗಳಾಗಿಯೇ ಉಳಿಯುವರು, ಎಂಬುದು ಅವರ ಮಾತಿನ ತಾತ್ಪರ್ಯ. ಬಾಯಿಯಿಂದಲೇ ಲೋಕವನ್ನು ಗೆದ್ದವರು ಹೀಗೆಂದರೆ ಉತ್ತರ ಕೊಡುವ ಬಾಯಿ ಯಾರಿಗಿದ್ದೀತು?

ಸೊಸೆಯು ಮಾತನ್ನು ಮುಂದುವರಿಸಿದಳು: “ಖುರ್ಚಿಯನ್ನ ಭಾಳ ಬೈದಿರಿ. ಹುಬ್ಬಳ್ಳಿಯೊಳಗ ತಿಕೀಟು ತಗೊಂಡರ, ನೀ ಯಾರ ಮಗಳು, ಯಾವ ಕುಲ, ಯಾಕ ಒಬ್ಬಾಕಿ ಬಂದಿ ಅಂತ ಯಾರೂ ಕೇಳೂದಿಲ್ಲ. ಖುರ್ಚಿಗೆ ಜಾತಿ ಇಲ್ರಿ. ಹಳೇ ಕಾಲದ ಜಮಖಾನಕ್ಕ ಇತ್ತು.”

ಮಾಸ್ತರರು ಬಹಳ ಹೊತ್ತು ಬೀದಿಯನ್ನು ನೋಡುತ್ತ ಕುಳಿತರು. ಆಮೇಲೆ, “ಖರೆ ಐತಿ,” ಎಂದರು. “ಆದರ ಯವ್ವಾ, ಖುರ್ಚಿ ಎಲ್ಲಾರನ್ನೂ ಕರೀತೈತಿ, ಯಾರನ್ನೂ ಇಟಗೊಳ್ಳೂದಿಲ್ಲ. ಒಂಬತ್ತೂವರಿಗೆ ದೀಪಾ ಆರಿಸಿ ಮನಿಗೆ ಕಳಸತೈತಿ.”

“ಹಂಗಾರ ನೀವೂ ಮಗನ ಕೂಡ ಹುಬ್ಬಳ್ಳಿಗೆ ಹೋಗುವ ಪಕ್ಷವೇ?” ಎಂದು ನಾವು ಆಕೆಯನ್ನು ಅವರ ಮಾತಿನಲ್ಲಿಯೇ ಕೇಳಿದೆವು.

“ನಾ ಇನ್ನೂ ಯಾರ ಪಕ್ಷನೂ ಅಲ್ರಿ. ಗಂಗಜ್ಜಿ ಕಲಿಲಿಕ್ಕೆ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದರು; ನಾ ಗಳಸಲಿಕ್ಕೆ ಇಲ್ಲಿಂದ ಹುಬ್ಬಳ್ಳಿಗೆ ಹೋಗತೇನಿ. ಹಳಿ ಒಂದ. ಮನಿ ಮಾರಬ್ಯಾಡ್ರಿ ಅಂತ ಮಾವನವರು ಹೇಳತಾರ, ಈ ಊರಾಗ ಹಾಡು ಐತಿ ಅಂತ. ನಾ ಬಂದು ಒಂಬತ್ತು ವರ್ಷ ಆತು. ಒಂದು ರಾತ್ರಿನೂ ಕೇಳಿಲ್ಲ. ಕೇಳದ ಹಾಡಿನ ಸಲುವಾಗಿ ಮನಿ ಉಳಸಂದರ ಹ್ಯಾಂಗ ಉಳಸಲಿ?”

ಇಷ್ಟು ಹೇಳಿ ಆಕೆ ತನ್ನ ಕರಾರನ್ನು ಮುಂದಿಟ್ಟಳು. ಸವಾಯಿ ಗಂಧರ್ವರ ಸ್ಮರಣೆಗಾಗಿ ನಾಡಿಗೇರ ವಾಡೆಯಲ್ಲಿ ಸಂಗೀತೋತ್ಸವ ನಡೆಯುತ್ತ ಬಂದಿದೆಯಷ್ಟೆ. ಮುಂದಿನ ಉತ್ಸವಕ್ಕೆ ಆಕೆ ಮಗಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂಡುವಳು. ತೊಟ್ಟಿಲ ಕೂಸನ್ನು ಮಾವನವರು ಮನೆಯಲ್ಲಿದ್ದು ನೋಡಿಕೊಳ್ಳಬೇಕು. ಮನೆ ಮಾರುವುದೋ ಬಿಡುವುದೋ, ಅದನ್ನು ಆಕೆ ಬೆಳಗಾದ ಮೇಲೆ ಹೇಳುವಳು.

ಎಷ್ಟೋ ವರ್ಷಗಳಿಂದ ಒಂದು ಉತ್ಸವವನ್ನೂ ತಪ್ಪಿಸದ ಮನುಷ್ಯರು! ಅವರ ಮುಖವನ್ನು ನೋಡಲು ನಮಗೆ ಧೈರ್ಯವಾಗಲಿಲ್ಲ. ಕಡೆಗೆ ಮಾಸ್ತರರು ಮೆಲ್ಲನೆ ಕೇಳಿದರು: “ಭೈರವಿ ಹೊತ್ತಿಗಾದರೂ ನಾ ಬರಬಹುದೇನು?”

“ಕೂಸು ಮಲಗಿದ್ದರ ಎತಗೊಂಡು ಬರ್ರಿ. ಎಚ್ಚರಿದ್ದರ ಅದಕ್ಕೂ ಕೇಳಸ್ರಿ.”

“ಆತವ್ವಾ,” ಎಂದರು ಮಾಸ್ತರರು. ಮಗನಿಗೆ ಈ ಒಪ್ಪಂದ ತಿಳಿದಾಗ ಅವನೇನೆಂದನೋ ನಾವು ಕೇಳಿಲ್ಲ.

ಊರು ದೊಡ್ಡದೋ ಪೇಟೆ ದೊಡ್ಡದೋ ಎಂಬ ವಾದವು ನಮ್ಮ ಕಡೆ ಹಳೆಯದು. ಅದು ಮುಗಿಯುವ ಲಕ್ಷಣವಿಲ್ಲ, ಮುಗಿಯಬೇಕಾದ ಅವಸರವೂ ಇಲ್ಲ. ಆದರೆ ಕಲೆಯು ಬದುಕುವುದು ಕೇಳುವವರ ಪುರಸೊತ್ತಿನ ಮೇಲೆ. ಆ ಪುರಸೊತ್ತು ಆಕಾಶದಿಂದ ಇಳಿಯುವುದಿಲ್ಲ. ಒಬ್ಬನು ಬೆಳತನಕ ತಲೆದೂಗುತ್ತ ಕುಳಿತಿದ್ದರೆ, ಅದೇ ರಾತ್ರಿ ಇನ್ನೊಬ್ಬಳು ಅವನ ಪಾಲಿನ ಎಚ್ಚರವನ್ನೂ ತಾನೇ ಎಚ್ಚತ್ತಿರುವಳು. ಪೇಟೆಯಿಂದ ಹಳ್ಳಿಗೆ ಬರಬೇಕಾದ ಪಟ್ಟಿಯನ್ನು ಎಷ್ಟು ಕಾಲವಾದರೂ ಕೇಳೋಣ, ತಪ್ಪಿಲ್ಲ. ಅದಕ್ಕಿಂತ ಮೊದಲು ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಬಾಕಿಯ ಪುಟವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ತೀರಿಸಲು ರೊಕ್ಕ ಬೇಕಾಗಿಲ್ಲ. ಒಂದು ರಾತ್ರಿಯ ಮಟ್ಟಿಗೆ ತೊಟ್ಟಿಲು ತೂಗಲು ಬಂದರೆ ಸಾಕು.