ಅವಳಿಗೆ ಬೈಗುಳ, ಅವನಿಗೆ ಮೌನ

ವೇಶ್ಯಾವಾಟಿಕೆಯ ವಿಷಯ ಬಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಹಿರಿಯರು ಮಾತು ಮರೆಸುತ್ತಾರೆ. ಒತ್ತಾಯಿಸಿದರೆ ಸಿಗುವುದು ಒಂದೇ ಉತ್ತರ: ಅವಳು ಕೆಟ್ಟವಳು. ಅವಳ ಬಳಿಗೆ ಹೋದವನು? ಅವನ ಸುದ್ದಿಯೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ತಮ್ಮ ಸೈನಿಕರಿಗೆ ಗುಹ್ಯರೋಗ ತಗಲಬಾರದೆಂದು ಬ್ರಿಟಿಷರು 1868ರಲ್ಲಿ ಭಾರತದಲ್ಲಿ ಒಂದು ಕಾಯ್ದೆ ತಂದರು. ಈ ವೃತ್ತಿಯ ಹೆಂಗಸರು ಹೆಸರು ನೋಂದಾಯಿಸಿ ತಪಾಸಣೆಗೆ ಒಳಗಾಗಬೇಕಿತ್ತು. ಅವರ ಬಳಿಗೆ ಹೋಗುವ ಗಂಡಸರಿಗೆ ಆ ಕಾಯ್ದೆಯಲ್ಲಿ ತಪಾಸಣೆ ಇರಲಿಲ್ಲ. 1888ರಲ್ಲಿ ಅದು ರದ್ದಾಯಿತು. ಅದರ ಹಿಂದಿನ ಮನೋಭಾವ ರದ್ದಾಗಲಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸ್ವತಂತ್ರ ಭಾರತದ ಅನೈತಿಕ ವ್ಯವಹಾರ ತಡೆ ಕಾಯ್ದೆಯೂ ಬಂತು. ವೇಶ್ಯಾಗೃಹ ನಡೆಸುವುದು, ಇನ್ನೊಬ್ಬಳ ಸಂಪಾದನೆಯಲ್ಲಿ ಬದುಕುವುದು ಅದರಲ್ಲಿ ಅಪರಾಧ. ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆಯುವುದೂ ಅಪರಾಧವೇ. ಇಲ್ಲಿ ಒಂದು ತಮಾಷೆ ನೋಡಿ: 1986ರ ತಿದ್ದುಪಡಿಯ ನಂತರ ಇದೇ ತಪ್ಪಿಗೆ ಹೆಂಗಸಿಗೆ ಮೊದಲ ಸಲವೇ ಆರು ತಿಂಗಳವರೆಗೆ ಜೈಲು ಆಗಬಹುದು, ಗಂಡಸಿಗಾದರೆ ಹೆಚ್ಚೆಂದರೆ ಮೂರು ತಿಂಗಳು!

ಆದರೂ ಕಾಲ ನಿಂತಿಲ್ಲ. 2005ರಲ್ಲಿ ನಳಿನಿ ಜಮೀಲಾ ತಮ್ಮನ್ನು ಲೈಂಗಿಕ ಕಾರ್ಮಿಕೆ ಎಂದೇ ಕರೆದುಕೊಂಡು ಮಲಯಾಳದಲ್ಲಿ ಆತ್ಮಕಥೆ ತಂದಾಗ ಕೇರಳದಲ್ಲಿ ದೊಡ್ಡ ಚರ್ಚೆಯೇ ಆಯಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಈ ಹೆಂಗಸರನ್ನು ಪೊಲೀಸರು ಘನತೆಯಿಂದ ಕಾಣಬೇಕು, ದಾಳಿಯ ವೇಳೆ ಮಾಧ್ಯಮಗಳು ಅವರ ಗುರುತು ಬಯಲು ಮಾಡಬಾರದು ಎಂದು ಹೇಳಿತು.

ಈ ದಂಧೆಯನ್ನು ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಮ್ಮ ದೀನ್ ಅದನ್ನು ಒಪ್ಪುವುದಿಲ್ಲ. ಆದರೆ ಅದೇ ದೀನ್, ಸೂರಾ ನೂರ್‌ನಲ್ಲಿ, ದೃಷ್ಟಿ ತಗ್ಗಿಸುವ ಆಜ್ಞೆಯನ್ನು ಮೊದಲು ಕೊಟ್ಟದ್ದು ಗಂಡಸರಿಗೆ, ಹೆಂಗಸರಿಗೆ ಆಮೇಲೆ. ಬಲವಂತಕ್ಕೆ ಸಿಕ್ಕಿದ ಹೆಣ್ಣಿಗೆ ಕ್ಷಮೆಯ ಭರವಸೆ ಇರುವುದೂ ಅದೇ ಸೂರಾದಲ್ಲಿ. ನಾವು ಆ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮಗಳಿಗೆ ದಿನಕ್ಕೆ ಹತ್ತು ಎಚ್ಚರಿಕೆ. ಮಗನ ಕೈಯಲ್ಲಿ ಮೊಬೈಲು, ಬಾಯಿ ಬಿಟ್ಟು ಹೇಳುವವರು ಯಾರೂ ಇಲ್ಲ.

ಮುಂದಿನ ಸಲ ಪೊಲೀಸ್ ದಾಳಿಯಲ್ಲಿ ಸಿಕ್ಕ ಹೆಂಗಸಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ, ಅಳಿಸಿ. ಆಮೇಲೆ ಮಗನನ್ನು ಕೂರಿಸಿಕೊಂಡು ಮಾತಾಡಿ. ಹೆಣ್ಣಿನ ಮೈ ಮಾರಾಟದ ಸರಕಲ್ಲ ಎಂಬುದನ್ನು ಅವನು ಮೊದಲು ಕೇಳಬೇಕಾದದ್ದು ತಂದೆಯ ಬಾಯಿಂದ.