ಬಸವನಹುಳುವಿನ ನೀಲಿ ರಕ್ತವೂ ಅದಕ್ಕಂಟಿದ ಸಕ್ಕರೆಯೂ

ಅಡಕೆ, ಪರಂಗಿ, ಹಿಪ್ಪುನೇರಳೆ ಮತ್ತು ತರಕಾರಿ ತೋಟಗಳಿಗೆ ನಷ್ಟವನ್ನುಂಟುಮಾಡುವ ಬಸವನಹುಳುವನ್ನು ಕೊಲ್ಲುವ ಉಪಾಯವನ್ನು ಹೇಳುವುದು ಬಿಟ್ಟು, ಅದರ ರಕ್ತದ ಸಸಾರಜನಕಕ್ಕೆ, ಎಂದರೆ ಪ್ರೋಟೀನಿಗೆ, ಎಂತಹ ಸಕ್ಕರೆಗಳು ಅಂಟಿಕೊಂಡಿರುವುವೆಂದು ಶೋಧಿಸುತ್ತ ಕುಳಿತರೆ ರೈತನಿಗೆ ಬಂದ ಲಾಭವೇನೆಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಸಾರ್ವಜನಿಕರ ಹಣದಿಂದ ನಡೆಯುವ ಸಂಶೋಧನೆಯು ಇಂತಹ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಆದರೆ ಉತ್ತರವೇ ಇಲ್ಲವೆಂದು ಮೊದಲೇ ತೀರ್ಮಾನಿಸಿ ಈ ಕೆಲಸವನ್ನು ಹೊರದೇಶದವರಿಗೆ ಬಿಟ್ಟುಬಿಡುವುದು ಸರಿಯಲ್ಲ. ಏಕೆಂದರೆ ಇದರ ಎಳೆಯು ನಮ್ಮ ದನಕರುಗಳ ರೋಗದವರೆಗೂ ಹೋಗುತ್ತದೆ.

ಮನುಷ್ಯನ ಮತ್ತು ದನಗಳ ರಕ್ತವು ಕೆಂಪಾಗಿರುವುದಕ್ಕೆ ಅದರಲ್ಲಿರುವ ಕಬ್ಬಿಣವುಳ್ಳ ವಸ್ತುವು ಕಾರಣ. ಬಸವನಹುಳುಗಳ ಬಹುಪಾಲು ಜಾತಿಗಳಲ್ಲಿಯೂ, ಸಮುದ್ರದ ಅಷ್ಟಪಾದಿಯಲ್ಲಿಯೂ ಈ ಕೆಲಸವನ್ನು ಮಾಡುವುದು ತಾಮ್ರವುಳ್ಳ ಹೀಮೋಸಯನಿನ್ ಎಂಬ ಸಸಾರಜನಕ. ೧೮೭೮ರಲ್ಲಿ ಅಷ್ಟಪಾದಿಯ ರಕ್ತವನ್ನು ಪರೀಕ್ಷಿಸಿ ಇದಕ್ಕೆ ಈ ಹೆಸರನ್ನಿಟ್ಟವನು ಬೆಲ್ಜಿಯಂ ದೇಶದ ಶರೀರಶಾಸ್ತ್ರಜ್ಞನಾದ ಲಿಯೋನ್ ಫ್ರೆಡೆರಿಕ್. ಎರಡು ತಾಮ್ರದ ಪರಮಾಣುಗಳ ನಡುವೆ ಆಮ್ಲಜನಕದ ಒಂದು ಅಣು ಸೇರಿದಾಗ ರಕ್ತವು ನೀಲಿಯಾಗುವುದು; ಅದು ಬಿಟ್ಟುಹೋದಾಗ ಬಣ್ಣ ಮಾಯವಾಗುವುದು. ಇದು ನಮ್ಮ ರಕ್ತದಲ್ಲಿರುವಂತೆ ಕಣಗಳೊಳಗೆ ಅಡಗಿರದೆ ದ್ರವದಲ್ಲಿಯೇ ಕರಗಿರುತ್ತದೆ. ಸ್ವೀಡನ್ನಿನ ಉಪ್ಸಾಲಾ ಪಟ್ಟಣದಲ್ಲಿ, ೧೯೨೬ರ ನೊಬೆಲ್ ಬಹುಮಾನವನ್ನು ಪಡೆದ ಸ್ವೆಡ್‌ಬರ್ಗ್ ಎಂಬ ವಿದ್ವಾಂಸನು ತನ್ನ ಅತಿವೇಗದ ತಿರುಗುಯಂತ್ರದಲ್ಲಿ ಯೂರೋಪಿನ ದೊಡ್ಡ ಬಸವನಹುಳುವಿನ ರಕ್ತವನ್ನು ತಿರುಗಿಸಿ, ಈ ಅಣುಗಳು ಬಲು ದೊಡ್ಡವೆಂದೂ ಒಂದೇ ತೂಕದವೆಂದೂ ತೋರಿಸಿದನು. ಅಂತಹ ಒಂದು ಅಣುವಿನಲ್ಲಿ ೨೦ ಸರಗಳೂ, ಸರವೊಂದಕ್ಕೆ ೮ ಗುಂಡುಗಳೂ ಇದ್ದು, ೧೬೦ ಕಡೆಗಳಲ್ಲಿ ಆಮ್ಲಜನಕವನ್ನು ಹಿಡಿಯಲು ಸ್ಥಳವಿರುವುದಾಗಿ ಈಗ ತಿಳಿದಿದೆ.

ಈ ಸಸಾರಜನಕದ ತೂಕದಲ್ಲಿ ನೂರಕ್ಕೆ ೨ರಿಂದ ೯ ಭಾಗದವರೆಗೆ ಸಕ್ಕರೆಯಿರುತ್ತದೆ. ಇಲ್ಲಿ ಸಕ್ಕರೆಯೆಂದರೆ ಕಬ್ಬಿನ ಸಕ್ಕರೆಯಲ್ಲ. ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್ ಮುಂತಾದ ಬಿಡಿ ಸಕ್ಕರೆಗಳು ಒಂದಕ್ಕೊಂದು ಕೂಡಿಕೊಂಡು, ಗಿಡದ ಕೊಂಬೆಯಂತೆ ಕವಲೊಡೆದು, ಸಸಾರಜನಕದ ಮೈಮೇಲೆ ನಿಂತಿರುವುವು. ಇವುಗಳ ರಚನೆಯನ್ನು ಕಂಡುಹಿಡಿಯುವುದು ಸುಲಭವಲ್ಲ. ಸಸಾರಜನಕದ ಸರವನ್ನಾದರೆ ಜೀವಿಯ ವಂಶವಾಹಿಯಿಂದಲೇ ಓದಿಕೊಳ್ಳಬಹುದು. ಸಕ್ಕರೆಯ ಕವಲನ್ನು ಹಾಗೆ ಓದುವಂತಿಲ್ಲ. ಅದನ್ನು ಜೀವಕೋಶದೊಳಗಿನ ಕಿಣ್ವಗಳು ಒಂದೊಂದಾಗಿ ಜೋಡಿಸುತ್ತವೆ. ಒಂದೇ ಹುಳುವಿನಲ್ಲಿಯೂ ಹಲವು ಬಗೆಯ ಕವಲುಗಳು ಬೆರೆತಿರುವುದುಂಟು. ತೂಗಿ ನೋಡೋಣವೆಂದರೆ, ಮ್ಯಾನೋಸ್ ಮತ್ತು ಗ್ಯಾಲಕ್ಟೋಸುಗಳ ಅಣುಗಳಿಗೆ ತೂಕ ಒಂದೇ. ಆದುದರಿಂದ ಮೊದಲು ಒಂದು ಕಿಣ್ವದಿಂದ ಕವಲನ್ನು ಬುಡದಲ್ಲಿ ಕತ್ತರಿಸಿ, ಬೇರ್ಪಡಿಸಿ, ತೂಗಿ, ಆಮೇಲೆ ಇಂತಹ ಸಕ್ಕರೆಯನ್ನು ಮಾತ್ರ ಕೀಳುವಂತಹ ಬೇರೆ ಬೇರೆ ಕಿಣ್ವಗಳನ್ನು ಸರದಿಯಾಗಿ ಹಾಕಿ, ಯಾವುದು ಉದುರಿತು, ಯಾವುದು ಉಳಿಯಿತು ಎಂದು ನೋಡುತ್ತ ಹೋಗಬೇಕು. ಕಾಂತಕ್ಷೇತ್ರದಲ್ಲಿಟ್ಟು ಪರೀಕ್ಷಿಸುವ ಯಂತ್ರದಿಂದ ಯಾವ ಸಕ್ಕರೆಯು ಯಾವ ಮೂಲೆಯಿಂದ ಮುಂದಿನದನ್ನು ಹಿಡಿದಿದೆಯೆಂಬುದೂ ಗೊತ್ತಾಗುವುದು. ಇದು ತಿಂಗಳುಗಟ್ಟಲೆಯ ತಾಳ್ಮೆಯ ಕೆಲಸ.

ಹಾಲೆಂಡಿನ ಉಟ್ರೆಕ್ಟ್ ಪಟ್ಟಣದ ರಸಾಯನಶಾಸ್ತ್ರಜ್ಞರು ೧೯೮೫ರಲ್ಲಿ ಇದೇ ಯೂರೋಪಿನ ಬಸವನಹುಳುವಿನ ರಕ್ತದ ಸಕ್ಕರೆಗಳಲ್ಲಿ ಕ್ಸೈಲೋಸ್ ಇರುವುದನ್ನು ಪ್ರಕಟಿಸಿದರು. ಕ್ಸೈಲೋಸ್ ಎಂಬುದು ಬೇಸಾಯಗಾರರಿಗೆ ಹೊಸದೇನೂ ಅಲ್ಲ. ಭತ್ತದ ಹುಲ್ಲು, ಜೋಳದ ದಂಟು, ಮರದ ಹೊಟ್ಟು ಇವುಗಳಲ್ಲಿ ಹೇರಳವಾಗಿ ಅಡಗಿರುವ ಸಕ್ಕರೆಯೇ ಅದು. ಅನಾನಸಿನ ದಿಂಡಿನಲ್ಲಿ ದೊರೆಯುವ ಬ್ರೊಮಿಲೇನ್ ಎಂಬ ಕಿಣ್ವದ ಸಕ್ಕರೆಯ ಕವಲಿನಲ್ಲಿಯೂ ಕ್ಸೈಲೋಸ್ ಇರುವುದು. ಅದು ಮ್ಯಾನೋಸಿಗೆ ಸೇರಿಕೊಂಡಿರುವ ರೀತಿಯೂ ಬಸವನಹುಳುವಿನಲ್ಲಿದ್ದಂತೆಯೇ. ದನಗಳ ಮತ್ತು ಮನುಷ್ಯನ ಸಸಾರಜನಕಗಳಲ್ಲಿ ಇಂತಹ ಕವಲು ಇರುವುದಿಲ್ಲ. ಆದಕಾರಣ ಅವುಗಳ ಮೈಯು ಇದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯಗಳನ್ನು ಹುಟ್ಟಿಸಬಲ್ಲದು. ಸಸ್ಯದ ಕವಲಿಗಾಗಿ ಹುಟ್ಟಿದ ಪ್ರತಿಕಾಯವು ಬಸವನಹುಳುವಿನ ಕವಲನ್ನೂ ಹಿಡಿಯಬಲ್ಲದು. ಪ್ರತಿಕಾಯಕ್ಕೆ ಅನಾನಸು ಯಾವುದು, ಹುಳು ಯಾವುದು ಎಂಬ ಭೇದವಿಲ್ಲ.

ರೋಗಪರೀಕ್ಷೆಗೆ ಇದರ ಸಂಬಂಧವನ್ನು ತಿಳಿಯಲು ಇನ್ನೊಂದು ಪ್ರಾಣಿಯನ್ನು ನೋಡಬೇಕು. ಕ್ಯಾಲಿಫೋರ್ನಿಯದ ತೀರದಿಂದ ದಕ್ಷಿಣಕ್ಕೆ ಮೆಕ್ಸಿಕೋ ಸೀಮೆಯವರೆಗೆ ಸಮುದ್ರದಲ್ಲಿ ವಾಸಿಸುವ, ಚಿಪ್ಪಿನ ನೆತ್ತಿಯಲ್ಲಿ ಬೀಗದ ಕಂಡಿಯಂತಹ ತೂತುಳ್ಳ ಒಂದು ಮೃದ್ವಂಗಿಯುಂಟು. ತಾವಾಗಿ ಪ್ರತಿಕಾಯಗಳನ್ನು ಹುಟ್ಟಿಸಲಾರದ ಸಣ್ಣ ವಸ್ತುಗಳನ್ನು ಹೊರುವುದಕ್ಕಾಗಿ ಇದರ ಹೀಮೋಸಯನಿನ್ನನ್ನು ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ಬಳಸುತ್ತಿರುವರು. ಆಫ್ರಿಕದಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಜನರ ರಕ್ತನಾಳಗಳಲ್ಲಿ ನೆಲಸುವ ಷಿಸ್ಟೊಸೋಮ ಎಂಬ ಹುಳುವಿನಿಂದ ರೋಗಪಟ್ಟವರ ರಕ್ತರಸವು ಈ ಕಡಲಪ್ರಾಣಿಯ ಸಸಾರಜನಕವನ್ನೂ ಹಿಡಿಯುವುದು ಕಂಡುಬಂದಿತು. ಆ ಪರಾವಲಂಬಿಗೂ ಈ ಪ್ರಾಣಿಗೂ ಎಂದೂ ಭೇಟಿಯಿಲ್ಲ. ಒಂದು ಸಿಹಿನೀರಿನ ಬಸವನಹುಳುವಿನಲ್ಲಿ ಬೆಳೆಯತಕ್ಕದ್ದು, ಇನ್ನೊಂದು ಉಪ್ಪುನೀರಿನದು. ಜರ್ಮನಿಯ ಗೀಸೆನ್ ಪಟ್ಟಣದವರೂ ಅವರ ಸಹಕಾರಿಗಳೂ ೨೦೦೨ರಲ್ಲಿ ಇದರ ಗುಟ್ಟನ್ನು ಹೊರತಂದರು: ಎರಡರಲ್ಲಿಯೂ ಫ್ಯೂಕೋಸ್ ಸಕ್ಕರೆಯು ಒಂದೇ ಬಗೆಯಾಗಿ ಸೇರಿಕೊಂಡಿರುವ ಒಂದು ತುದಿ ಇದೆ. ಷಿಸ್ಟೊಸೋಮದ ಮೊಟ್ಟೆಗಳ ಸಕ್ಕರೆಗಳಲ್ಲಿ ಕ್ಸೈಲೋಸ್ ಸಹ ಉಂಟೆಂದು ಬೇರೆ ಸಂಶೋಧನೆಗಳಿಂದ ತಿಳಿದಿದೆ.

ಈಗ ನಮ್ಮ ಕೆರೆ ಗದ್ದೆಗಳ ಕಡೆಗೆ ಬರಬಹುದು. ದನ ಎಮ್ಮೆಗಳ ಯಕೃತ್ತನ್ನು ಕೆಡಿಸುವ ಚಪ್ಪಟೆಹುಳುವು ಲಿಮ್ನಿಯ ಜಾತಿಯ ಬಸವನಹುಳುಗಳಲ್ಲಿ ಬೆಳೆದು, ನೀರಂಚಿನ ಹುಲ್ಲಿನ ಮೂಲಕ ಹೊಟ್ಟೆಯನ್ನು ಸೇರುತ್ತದೆ. ದನಗಳ ಮೂಗಿನಲ್ಲಿ ಗಂಟುಗಳನ್ನೆಬ್ಬಿಸಿ ಗೊರಕೆ ರೋಗವನ್ನುಂಟುಮಾಡುವುದು ಷಿಸ್ಟೊಸೋಮದ ಇನ್ನೊಂದು ಜಾತಿ. ಅದು ಚಕ್ರದಂತೆ ಚಪ್ಪಟೆಯಾಗಿ ಸುತ್ತಿದ ಚಿಪ್ಪಿನ ಬೇರೊಂದು ಹುಳುವಿನಲ್ಲಿ ಬೆಳೆಯುವುದು. ಈ ಚಕ್ರದ ಹುಳುವಿನ ರಕ್ತವು ನೀಲಿಯಲ್ಲ, ಕೆಂಪು. ಅದರಲ್ಲಿರುವುದು ಕಬ್ಬಿಣವುಳ್ಳ ವಸ್ತು. ಒಂದೇ ಕೆರೆಯ ಎರಡು ಹುಳುಗಳೊಳಗೆ ಇಷ್ಟು ವ್ಯತ್ಯಾಸವಿರುವಾಗ, ಹಾಲೆಂಡಿನ ಹುಳುವಿಗೆ ಹೇಳಿದ್ದನ್ನು ನಮ್ಮ ಹುಳುವಿಗೆ ಹಾಗೆಯೇ ಅನ್ವಯಿಸುವುದು ಜಾಣತನವಲ್ಲ. ದನವು ದಿನವೆಲ್ಲ ಮೇಯುವುದು ಸಸ್ಯಗಳನ್ನು. ಸಸ್ಯ, ಬಸವನಹುಳು, ಪರಾವಲಂಬಿ ಈ ಮೂರರಲ್ಲಿಯೂ ಕೆಲವು ಸಕ್ಕರೆಯ ಕವಲುಗಳು ಸಮಾನವಾಗಿದ್ದರೆ, ರಕ್ತಪರೀಕ್ಷೆಯಲ್ಲಿ ರೋಗವಿಲ್ಲದ ದನವನ್ನು ರೋಗಿಯೆಂದು ತೋರಿಸುವ ಅಪಾಯವುಂಟು. ರೈತನು ಅದಕ್ಕಾಗಿ ವ್ಯರ್ಥವಾಗಿ ಔಷಧದ ಹಣವನ್ನು ತೆರಬೇಕಾದೀತು. ಯಾವ ಕವಲು ಎಲ್ಲರಿಗೂ ಸಾಮಾನ್ಯ, ಯಾವುದು ಪರಾವಲಂಬಿಗೆ ಮಾತ್ರ ಮೀಸಲು ಎಂಬುದನ್ನು ಗೊತ್ತುಮಾಡದೆ ನಂಬಿಕೆಗೆ ತಕ್ಕ ಪರೀಕ್ಷೆಯನ್ನಾಗಲಿ ಲಸಿಕೆಯನ್ನಾಗಲಿ ಏರ್ಪಡಿಸುವುದು ಕಷ್ಟ. ಪಶುವೈದ್ಯ ಇಲಾಖೆಯೂ ವಿಶ್ವವಿದ್ಯಾಲಯಗಳ ರಸಾಯನ ವಿಭಾಗಗಳೂ ಕೂಡಿ ನಮ್ಮ ಲಿಮ್ನಿಯದಿಂದಲೇ ಈ ಕೆಲಸವನ್ನು ಆರಂಭಿಸಬೇಕಾದುದು ಇದಕ್ಕಾಗಿಯೇ.

ತೋಟದ ದೊಡ್ಡ ಆಫ್ರಿಕದ ಹುಳುವಿನ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ೧೮೪೭ರಲ್ಲಿ ಬೆನ್ಸನ್ ಎಂಬ ಚಿಪ್ಪುಗಳ ಆಸಕ್ತನು ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಡಿಸಿದುದರ ಫಲವನ್ನು ದೇಶವು ಇನ್ನೂ ಅನುಭವಿಸುತ್ತಿದೆ. ಕಡಲಪ್ರಾಣಿಯ ನೀಲಿ ರಕ್ತಕ್ಕೆ ಭಾರಿ ಬೆಲೆಯಿದೆಯೆಂಬ ಮಾತನ್ನು ಕೇಳಿ, ಈ ಹುಳುವನ್ನೂ ಸಾಕಿ ರಕ್ತ ಮಾರಬಹುದೆಂದು ಯಾರಾದರೂ ಆಸೆ ತೋರಿಸಿದರೆ ರೈತರು ಕಿವಿಗೊಡಬಾರದು. ಆ ಬೆಲೆಯು ಆ ಒಂದು ಪ್ರಾಣಿಯ ವಸ್ತುವಿಗೆ, ಅದೂ ಶುದ್ಧಮಾಡಿದ ಬಳಿಕ. ತೋಟದ ಹುಳುವನ್ನು ಸಂಜೆಯ ವೇಳೆ ಒದ್ದೆ ಗೋಣಿಚೀಲ ಮತ್ತು ಪರಂಗಿ ಎಲೆಗಳ ಕೆಳಗೆ ಸೇರಿಸಿ, ಆರಿಸಿ, ಉಪ್ಪುನೀರಿಗೆ ಹಾಕುವ ಪದ್ಧತಿಯು ಮುಂದುವರಿಯತಕ್ಕದ್ದೇ.

ಆದರೆ ಹೀಗೆ ಆರಿಸಿದ ರಾಶಿಯಿಂದ ನಾಲ್ಕು ಹುಳುಗಳನ್ನು ಉಪ್ಪಿಗೆ ಹಾಕದೆ ಜೀವಸಹಿತ ಪ್ರಯೋಗಶಾಲೆಗೆ ಕಳುಹಿಸುವುದರಿಂದ ಯಾರಿಗೂ ನಷ್ಟವಿಲ್ಲ. ಕಳುಹಿಸುವಾಗ ಊರು, ತಿಂಗಳು, ಯಾವ ಬೆಳೆಯ ಮೇಲೆ ಸಿಕ್ಕಿತು ಎಂಬುದನ್ನು ಬರೆದಿಡಬೇಕು. ಎಲ್ಲಿಯದೆಂದು ತಿಳಿಯದ ಹುಳುವಿನ ರಕ್ತದಿಂದ ರಸಾಯನಶಾಸ್ತ್ರಜ್ಞನಿಗೆ ಅರ್ಧ ಪ್ರಯೋಜನ ಮಾತ್ರ. ಬರಿಗೈಯಿಂದ ಮುಟ್ಟಬಾರದು. ಇಲಿಗಳ ಶ್ವಾಸಕೋಶದ ಹುಳುವಿನ ಮರಿಗಳು ಇದರ ಮೈಯಲ್ಲಿರಬಹುದಾಗಿದ್ದು, ಅವು ಬಾಯಿಯ ಮೂಲಕ ಮನುಷ್ಯನೊಳಗೆ ಸೇರಿದರೆ ಮೆದುಳಿನ ಪೊರೆಗೆ ಊತವನ್ನುಂಟುಮಾಡಬಲ್ಲವು. ಕೈಗವಸಿಲ್ಲದಿದ್ದರೆ ಚಿಮಟವನ್ನಾದರೂ ಉಪಯೋಗಿಸಿ, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು.