ಟಿಕೆಟಿನಲ್ಲಿ ಯಾರ ನಂಬರಿದೆ?



ನಮ್ಮ ಸುರಪುರದ ರಂಗಂಪೇಟೆಯಲ್ಲಿರುವ ನನ್ನ ಖಾಲಾ ಮತ್ತು ಖಾಲೂ ವರ್ಷಗಟ್ಟಲೆ ಹಣ ಕೂಡಿಟ್ಟು ಉಮ್ರಾಕ್ಕೆ ಹೊರಟಿದ್ದರು. ಹೈದರಾಬಾದಿನಿಂದ ಮುಂಬೈಗೆ ಒಂದು ವಿಮಾನ, ಮುಂಬೈಯಿಂದ ಜಿದ್ದಾಕ್ಕೆ ಬೇರೊಂದು ಸಂಸ್ಥೆಯ ವಿಮಾನ. ಎರಡನ್ನೂ ಬೇರೆ ಬೇರೆ ಟಿಕೆಟ್ ಮಾಡಿದರೆ ಖರ್ಚು ಕಡಿಮೆ ಎಂದು ಏಜೆಂಟ್ ಹೇಳಿದ. ನಾವೂ ತಲೆಯಾಡಿಸಿದೆವು. ಅರ್ಜಿ ತುಂಬಿದವನು ನಾನೇ. ಮೊಬೈಲ್ ನಂಬರಿನ ಜಾಗದಲ್ಲಿ ‘ನನ್ನದೇ ಹಾಕ್ತೀನಿ ಬಿಡ್ರಿ ಮಾಸ್ತರ್’ ಎಂದು ಏಜೆಂಟ್ ಹೇಳಿದಾಗ ಒಂದು ಕೆಲಸ ಹಗುರಾಯಿತು ಎಂದುಕೊಂಡೆ.

ಓಣಿಯವರೆಲ್ಲ ಬಂದು ದುಆ ಕೇಳಿಕೊಂಡು ಬೀಳ್ಕೊಟ್ಟರು. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗ್ಗೆ ಶಂಷಾಬಾದ್ ವಿಮಾನ ನಿಲ್ದಾಣ ಮುಟ್ಟಿದಾಗ ಮುಂಬೈ ವಿಮಾನ ರದ್ದಾಗಿರುವುದು ತಿಳಿಯಿತು. ಎರಡು ದಿನ ಮುಂಚೆಯೇ ಸಂದೇಶ ಕಳಿಸಿದ್ದೇವೆ ಎಂದರು. ಆ ಸಂದೇಶ ಏಜೆಂಟನ ಫೋನಿನಲ್ಲಿ ನೂರಾರು ಸಂದೇಶಗಳ ನಡುವೆ ಬಿದ್ದಿತ್ತು. ಅತ್ತ ಜಿದ್ದಾ ವಿಮಾನ ಇವರನ್ನು ಬಿಟ್ಟು ಹೋಯಿತು. ಪ್ರಯಾಣಿಕರೇ ಬರಲಿಲ್ಲವೆಂದು ಆ ಸಂಸ್ಥೆ ಹಣ ಹಿಂದಿರುಗಿಸಲಿಲ್ಲ. ಇಹ್ರಾಮಿನ ಬಟ್ಟೆಯ ಚೀಲ ಹಿಡಿದುಕೊಂಡು ಇಬ್ಬರೂ ಊರಿಗೆ ಮರಳಿದರು.

ಮನೆಗೆ ಹೋದಾಗ ನಾನು ನನಗೆ ರೂಢಿಯಾದ ಮಾತನ್ನೇ ಆಡಿದೆ. ‘ಖಾಲಾ, ಅಲ್ಲಾಹನ ಇಚ್ಛೆ, ಸಬರ್ ಮಾಡಿ’ ಎಂದೆ. ಖಾಲಾ ನನ್ನನ್ನೇ ನೋಡಿ, ‘ಅಲ್ಲಾಹ ಮಾಡಿದ್ದಕ್ಕೆ ಸಬರ್ ಮಾಡ್ತೀನಿ ಬೇಟಾ. ಮನುಷ್ಯಾ ಮಾಡಿದ ತಪ್ಪನ್ನೂ ಅಲ್ಲಾಹನ ಮ್ಯಾಲೆ ಹಾಕೋದು ಸರಿ ಏನು?’ ಎಂದರು. ಮದ್ರಸದಲ್ಲಿ ಕಲಿತ ನಾನು ತಲೆ ತಗ್ಗಿಸಿ ಕುಳಿತೆ.

ಹೌದು, ಸಹನೆ ವಿಶ್ವಾಸಿಯ ಆಸ್ತಿ. ಆದರೆ ಮಾಡಿಕೊಂಡ ಕರಾರುಗಳನ್ನು ಪೂರೈಸಬೇಕೆಂಬ ಆದೇಶದೊಂದಿಗೇ ಸೂರಃ ಅಲ್ ಮಾಇದಃ ಆರಂಭವಾಗುತ್ತದೆ. ಟಿಕೆಟ್ ಕೂಡ ಒಂದು ಕರಾರು. ಅದರಂತೆ ನಡೆಯಿರಿ ಎಂದು ಕೇಳುವುದು ಜಗಳವೂ ಅಲ್ಲ, ದುರಾಸೆಯೂ ಅಲ್ಲ.

ಇಂಥ ಸಂಕಟ ನಮ್ಮೊಬ್ಬರದೇ ಅಲ್ಲ. 2025ರ ಡಿಸೆಂಬರ್ 3ರಂದು ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ಏರ್ಪಾಡಾಗಿತ್ತು. ನವದಂಪತಿ ಭುವನೇಶ್ವರದಿಂದ ಬೆಂಗಳೂರಿನ ಮೂಲಕ ಹುಬ್ಬಳ್ಳಿಗೆ ಬರಬೇಕಿತ್ತು. ವಿಮಾನ ರದ್ದಾಯಿತು. ಅತಿಥಿಗಳು ಬಂದು ಸೇರಿದ್ದರು. ಕೊನೆಗೆ ಮದುಮಕ್ಕಳ ಆಸನದಲ್ಲಿ ತಂದೆ ತಾಯಿ ಕುಳಿತರು, ಮದುಮಕ್ಕಳು ವಿಡಿಯೊ ಪರದೆಯ ಮೇಲೆ ಕಾಣಿಸಿಕೊಂಡರು. ಪೈಲಟ್‌ಗಳ ವಿಶ್ರಾಂತಿ ಮತ್ತು ರಾತ್ರಿ ಹಾರಾಟದ ಹೊಸ ನಿಯಮಗಳು ಆ ವರ್ಷದ ನವೆಂಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿದ್ದವು. ಇಂಡಿಗೋ ಸಂಸ್ಥೆ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಅದರ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಹಣ ಹಿಂದಿರುಗಿಸಬೇಕೆಂದು ಸರಕಾರವೇ ಆಜ್ಞೆ ಮಾಡಬೇಕಾಯಿತು.

ಸಹೋದರ ಸಹೋದರಿಯರೇ, ನಮ್ಮ ಹಕ್ಕೇನು ಎಂಬುದನ್ನು ಮೊದಲು ತಿಳಿದಿರಬೇಕು. ವಿಮಾನ ರದ್ದಾದರೆ ಬೇರೆ ವಿಮಾನ ಬೇಕೋ, ಹಣ ವಾಪಸ್ ಬೇಕೋ ಎಂದು ಆರಿಸುವವರು ಪ್ರಯಾಣಿಕರು. ನಿಯಮದಂತೆ ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಅದರ ಮೇಲೆ ಪರಿಹಾರವೂ ಉಂಟು. ಡಿಜಿಸಿಎ ನಿಯಮದಲ್ಲಿ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಮತ್ತು 10,000 ರೂ. ಎಂದು ಇದಕ್ಕೆ ಮಿತಿ ಹಾಕಿದ್ದಾರೆ. ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಹವಾಮಾನ, ಭದ್ರತೆಯಂಥ ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಈ ಪರಿಹಾರವಿಲ್ಲ. ಟಿಕೆಟ್ ಮಾಡಿಸುವಾಗ ಸರಿಯಾದ ಸಂಪರ್ಕ ನಂಬರ್ ಕೊಡದವರಿಗೂ ಇಲ್ಲ! ಈ ಸಾಲನ್ನು ಓದಿದಾಗ ನನಗೆ ನಾನು ತುಂಬಿದ ಅರ್ಜಿ ನೆನಪಾಯಿತು.

ಎರಡನೆಯ ಮಾತು. ಎರಡು ವಿಮಾನಗಳ ಪ್ರಯಾಣವಾದರೆ ಎರಡೂ ಒಂದೇ ಟಿಕೆಟಿನಲ್ಲಿರಲಿ. ಆಗ ಮೊದಲನೆಯದು ತಪ್ಪಿದರೆ ಎರಡನೆಯದರ ಹೊಣೆಯನ್ನೂ ಸಂಸ್ಥೆ ಹೊರಬೇಕಾಗುತ್ತದೆ. ಬೇರೆ ಬೇರೆ ಟಿಕೆಟಾದರೆ ಒಂದು ಸಂಸ್ಥೆಗೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಅನಿವಾರ್ಯವಾದರೆ ನಡುವೆ ಒಂದು ದಿನವಾದರೂ ಬಿಡುವಿರಲಿ.

ಮೂರನೆಯದು, ಎಲ್ಲವನ್ನೂ ಬರಹದಲ್ಲಿ ಇಡುವುದು. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಃ 282 ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಟಿಕೆಟ್, ರಸೀದಿ, ರದ್ದಾದ ಸಂದೇಶ ಎಲ್ಲವನ್ನೂ ಜೋಪಾನ ಮಾಡಿ. ಏಜೆಂಟರ ಮೂಲಕ ತೆಗೆದ ಟಿಕೆಟಿಗೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ. ಮೊದಲು ಸಂಸ್ಥೆಗೆ ಬರೆಯಿರಿ. ಉತ್ತರ ಬರದಿದ್ದರೆ ಸರಕಾರದ ಏರ್‌ಸೇವಾದಲ್ಲಿ ದೂರು ಕೊಡಿ, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಆಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ನೀವು ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವೂ ಇಲ್ಲ.

ಇನ್ನೊಂದು ಮಾತು. ಕೌಂಟರಿನಲ್ಲಿ ಕುಳಿತ ಹುಡುಗಿ ವಿಮಾನ ರದ್ದು ಮಾಡಿದವಳಲ್ಲ. ಅವಳೂ ಯಾರದೋ ಮನೆಯ ಮಗಳು. ಹಕ್ಕನ್ನು ಗಟ್ಟಿಯಾಗಿ ಕೇಳೋಣ, ಆದರೆ ನಾಲಿಗೆಯನ್ನು ಕೆಡಿಸಿಕೊಳ್ಳುವುದು ಬೇಡ. ಸಬರ್ ಬೇಕಾಗಿರುವುದು ಅಲ್ಲಿ.

ಉಮ್ರಾ ಏಜೆಂಟರಾಗಿರುವ ನಮ್ಮ ಸಹೋದರರಿಗೂ ಒಂದು ವಿನಂತಿ. ಬಡವರು ನಿಮ್ಮ ಕೈಗೆ ಕೊಡುವುದು ಬರೀ ಹಣವಲ್ಲ, ಅದು ಅವರ ಬದುಕಿನ ಆಸೆ. ಅದು ಅಮಾನತ್. ಒಂದು ಸಂದೇಶವನ್ನು ಮುಟ್ಟಿಸದಿರುವುದೂ ಆ ಅಮಾನತ್ತಿಗೆ ಮಾಡಿದ ದ್ರೋಹವಾಗಬಹುದು.

ನಾನು ಮತ್ತು ಖಾಲೂ ಕಾಗದಪತ್ರಗಳೊಂದಿಗೆ ನಾಲ್ಕು ಸಲ ಓಡಾಡಿದೆವು. ಮುಂಬೈ ಟಿಕೆಟಿನ ಹಣ ಪೂರ್ತಿ ಬಂತು. ಜಿದ್ದಾ ಟಿಕೆಟಿನ ನಷ್ಟದಲ್ಲಿ ಅರ್ಧವನ್ನು ಏಜೆಂಟ್ ಒಪ್ಪಿಕೊಂಡು ಕೊಟ್ಟ. ಉಳಿದದ್ದಕ್ಕೆ ಖಾಲಾ ತಮ್ಮ ಎರಡು ಬಳೆ ಮಾರಿದರು. ಆ ಬಳೆಗಳಲ್ಲಿ ನನ್ನ ಅಸಡ್ಡೆಯ ಪಾಲೂ ಇದೆ.

ಎರಡನೆಯ ಸಲ ಅರ್ಜಿ ತುಂಬುವಾಗ ಖಾಲಾ ತಾವೇ ಬಂದು ಕುಳಿತರು. ನಂಬರಿನ ಜಾಗ ಬಂದಾಗ ತಮ್ಮ ಮೊಬೈಲಿನ ಹತ್ತು ಅಂಕಿಗಳನ್ನು ಒಂದೊಂದಾಗಿ ಹೇಳಿ, ಬರೆದದ್ದನ್ನು ಮತ್ತೊಮ್ಮೆ ಓದಿಸಿದರು. ಇಬ್ಬರೂ ಉಮ್ರಾ ಪೂರೈಸಿ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್.

ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಸುಗಮಗೊಳಿಸಲಿ. ಆಮೀನ್.